ಹಿಟ್ಟು ತಿರುಗಿ ಜ್ವಾಳ ಆಗತೈತೇನು?

(ತಿಕೋಂಡಿ. ಸಂಜಿ ಹೊತ್ತು. ಆಯಿ ಕಟ್ಟಿ ಮ್ಯಾಲ ಕುಂತು ಎಲಿಗೆ ಸುಣ್ಣ ಹಚ್ಚಾಕತ್ತಾಳ. ಮೊಮ್ಮಗ ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ಕೊಂಡು ಬರತಾನ.)

ಮೊಮ್ಮಗ: ಆಯಿ, ಈ ಜ್ವಾಳ ನನ್ನ ಎರಡು ಮಾರ್ಕ್ ತಿಂತು ನೋಡು.

ಆಯಿ: ದಿನಾ ನೀ ಅದನ್ನ ತಿಂತಿ. ಒಂದಿನ ಅದು ತಿಂದ್ರ ಏನಾತು?

ಮೊಮ್ಮಗ: ಜ್ವಾಳ ಬೀಸೂದು ರಾಸಾಯನಿಕ ಬದಲಾವಣೆ ಅಂತ ಬರದಿದ್ದೆ. ಗುರುಗೋಳು ಕೆಂಪು ಗೀಟು ಎಳದಾರ. ತಿರುಗಿ ಮೊದಲಿನಂಗ ಆದ್ರ ಭೌತ, ಆಗದಿದ್ರ ರಾಸಾಯನಿಕ. ಬಾಯಿಪಾಠ ಐತಿ ನನಗ! ಹಿಟ್ಟು ತಿರುಗಿ ಜ್ವಾಳ ಆಗತೈತೇನು?

ಆಯಿ: ನಿನ್ನೆ ನೀ ಗಡಗಿ ಒಡದೆಲ್ಲ, ಅದೂ ತಿರುಗಿ ಕೂಡೂದಿಲ್ಲ. ಅದೂ ರಾಸಾಯನಿಕೇನು?

ಮೊಮ್ಮಗ: (ಸಣ್ಣ ದನಿಲೆ) ಅದು ಬೆಕ್ಕು ಒಡದದ್ದು.

ಆಯಿ: ಯಾರರೆ ಒಡೀಲಿ, ಖೋಡಿ. ಚೂರು ಮಣ್ಣಿಂದ ಐತಿ, ಹಿಟ್ಟು ಜ್ವಾಳದ್ದ ಐತಿ. ಸಣ್ಣ ಆತು, ಬ್ಯಾರೆ ಆಗಲಿಲ್ಲ.

ಮೊಮ್ಮಗ: ಕಾಕಾನ ಶೆಡ್ಡಿನ್ಯಾಗ 4 ಕಿಲೋ ದ್ರಾಕ್ಷಿ ಒಣಗಿ 1 ಕಿಲೋ ಬೇದಾಣಾ ಆಗತೈತಿ. ಉಳದದ್ದು ಎಲ್ಲಿ ಹೋತು?

ಆಯಿ: ನೀರು. ಗಾಳಿ ಕುಡೀತು.

ಮೊಮ್ಮಗ: ಹಂಗಾದ್ರ ಬರೇ ಭೌತ!

ಆಯಿ: ಹಂಗ ಬಿಟ್ರ ಕಂದಾಗತಾವಲ್ಲ, ಆ ಬಣ್ಣ ದ್ರಾಕ್ಷಿಯೊಳಗ ಇತ್ತೇನು? ಕಂದಾಗಬಾರ್ದಂತ ನಿಮ್ಮ ಕಾಕಾ ಗಂಧಕ ಸುಟ್ಟು ಹೊಗಿ ಕೊಡತಾನ. ಹಳದಿ ಗಂಧಕ ಹೋಗಿ ಗಂಟಲಾ ಹಿಡಿಯೂ ಹೊಗಿ ಆಗತೈತಿ. ಅದೂ ಹೊಸಾದ.

ಮೊಮ್ಮಗ: ಅರ್ಧ ಭೌತ, ಅರ್ಧ ರಾಸಾಯನಿಕ ಅಂತ ಬರದ್ರ?

ಆಯಿ: ಅರ್ಧ ಮಾರ್ಕ್ ಬರತೈತಿ. ಇಲ್ಲಿ ನೋಡು, ನನ್ನ ಸುಣ್ಣಾನೂ ನೀರಾಗ ಉಪ್ಪಿನಂಗ ಕರಗಿದ್ದ.

ಮೊಮ್ಮಗ: (ಜಿಗಿದು) ತಪ್ಪು! ಉಪ್ಪು ಸುಮ್ಮನ ಕರಗತೈತಿ. ಸುಟ್ಟ ಸುಣ್ಣಕ್ಕ ನೀರು ಹಾಕಿದ್ರ ಬೆಂಕಿ ಇಲ್ದ ಕೊತಕೊತ ಕುದೀತೈತಿ. ನೀರಿನ ಕೂಡ ಸೇರಿ ಬ್ಯಾರೆ ಪದಾರ್ಥನ ಆಗತೈತಿ. ಪಕ್ಕಾ ರಾಸಾಯನಿಕ!

ಆಯಿ: ಅದನ್ನ ಭಟ್ಟಿಯೊಳಗ ಮತ್ತ ಸುಟ್ರ?

ಮೊಮ್ಮಗ: 500 ಡಿಗ್ರಿ ದಾಟಿದ್ರ ನೀರು ಬಿಟ್ಟು ತಿರುಗಿ ಸುಟ್ಟ ಸುಣ್ಣ… (ತಡೆದು) ಅಯ್ಯ! ತಿರುಗಿ ಬಂತಲ್ಲ!

ಆಯಿ: ನಿನ್ನ ಬಾಯಿಪಾಠಾನೂ ಬೆಕ್ಕ ಒಡೀತೇನು?

ಮೊಮ್ಮಗ: ಎಲಿ ಹಸರು, ಸುಣ್ಣ ಬಿಳೇದು, ಅಡಿಕಿ ಕಂದು. ನಿನ್ನ ಬಾಯಿ ಮಾತ್ರ ಕೆಂಪು. ಇದು ರಾಸಾಯನಿಕ, ಆಯಿ. ಕಟ್ಟಿ ಮ್ಯಾಲ ಉಗುಳಬ್ಯಾಡ, ನಾಳೆ ಗುರುಗೋಳಿಗೆ ತೋರಸೂದೈತಿ.