ವಡೆ ತಿಂದ ಅಲ್ಪಸಂಖ್ಯಾತ

(ಮದ್ದೂರಿನ ಹೋಟೆಲು. ಮುಂದೆ ವಡೆ.)

ಹುಡುಗ: ದೊಡ್ಡಪ್ಪ, ಸೈನ್ಸ್ ಫಿಕ್ಷನ್, ಫ್ಯಾಂಟಸಿ ಓದೋ ನಾವು ಶೋಷಿತ ಅಲ್ಪಸಂಖ್ಯಾತರು!

ದೊಡ್ಡಪ್ಪ: ನೀಲಗಾರರು ಮಂಟೇಸ್ವಾಮಿ ಪವಾಡ ಹಾಡಿದ್ರೆ ಮಳವಳ್ಳಿ ಸೀಮೆ ರಾತ್ರಿಯೆಲ್ಲಾ ಕೇಳ್ತದೆ. ಅವರೆಲ್ಲ ಅಲ್ಪಸಂಖ್ಯಾತರೇನ್ಲಾ?

ಹುಡುಗ: ಅದು ಭಕ್ತಿ.

ದೊಡ್ಡಪ್ಪ: ಕಂಬಾರರ 'ಸಿರಿಸಂಪಿಗೆ' ನಾಟಕಕ್ಕೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರ್ಲಿಲ್ವಾ?

ಹುಡುಗ: ಅದು ಜಾನಪದ. ಸೈನ್ಸು?

ದೊಡ್ಡಪ್ಪ: ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯ್ತು. ನಮ್ಮ ಪಂಪ್‌ಸೆಟ್ಟಿಗೆ ಹಗಲೊತ್ತು ಬರೋದು ಇನ್ನೂ ಸೈನ್ಸ್ ಫಿಕ್ಷನ್ನೇ!

ಹುಡುಗ: ಹಂಗಾರೆ ನಮ್ಗೆ ಮೀಸಲಾತಿ?

ದೊಡ್ಡಪ್ಪ: ಕಬ್ಬಿನ ಬಾಕಿ ಬತ್ತದೆ ಅಂತ ನಂಬ್ಕೊಂಡಿರೋ ಮಂಡ್ಯದ ರೈತನಿಗಿಂತ ದೊಡ್ಡ ಫ್ಯಾಂಟಸಿ ಅಭಿಮಾನಿ ಯಾರ್ಲಾ? ಮೊದ್ಲು ಅವನಿಗೆ ಕೊಡ್ಸು. ನೀನು ಶೋಷಿತನಲ್ಲ, ಬರೀ ಒಂಟಿ. ಪಕ್ಕದೋನಿಗೂ ಒಂದು ಪುಸ್ತಕ ಕೊಡು, ಇಬ್ಬರಾಯ್ತೀರಿ.