ಡೆಸಿಬೆಲ್ ರಾಯರು

ಯಾರ ಮನೆಗೆ ಹೋದರೂ ರಾಯರು ಮೊದಲು ಮಾಡುವ ಕೆಲಸ, ಹಾಲ್‌ನ ನಟ್ಟನಡುವೆ ನಿಂತು ಒಂದು ಚಪ್ಪಾಳೆ ತಟ್ಟುವುದು. ತಟ್ಟಿ, ಕಿವಿ ನಿಮಿರಿಸಿ, ನಾಲ್ಕೂ ಗೋಡೆ ನೋಡಿ, ‘ಸ್ವಲ್ಪ ಜಾಸ್ತಿ ಗುಂಯ್ ಅನ್ನುತ್ತೆ’ ಎಂದು ಮುಖ ಹುಳ್ಳಗೆ ಮಾಡುವುದು. ಕಾಫಿ, ಕುಶಲ ಎಲ್ಲ ಆಮೇಲೆ. ಒಮ್ಮೆ ಬಸವನಗುಡಿಯ ಕಲ್ಯಾಣಮಂಟಪವೊಂದರಲ್ಲೂ ಹೀಗೇ ತಟ್ಟಿದರು. ಹಿಂದಿನ ಸಾಲಿನವರು ಮುಹೂರ್ತ ಬಂತೆಂದುಕೊಂಡು ಅಕ್ಷತೆ ಎರಚಿಯೇಬಿಟ್ಟರು. ವರ ಇನ್ನೂ ಕೋಣೆಯಲ್ಲಿ ಪಂಚೆ ಉಡುತ್ತಿದ್ದ.

ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಇಂಥವರೊಬ್ಬರು ಇದ್ದೇ ಇರುತ್ತಾರೆ. ವಯಸ್ಸು ಅರವತ್ತರ ಆಚೀಚೆ, ಕೈಯಲ್ಲಿ ರಿಟೈರ್‌ಮೆಂಟ್ ದುಡ್ಡು, ಅಮೆರಿಕದಲ್ಲಿ ಮಗ. ‘ನಿಮಗೋಸ್ಕರ ಏನಾದ್ರೂ ಒಳ್ಳೇದು ತಗೊಳ್ಳಿ ಅಪ್ಪ’ ಎಂದು ಅವನು ಫೋನಿನಲ್ಲಿ ಅಂದದ್ದೇ ತಪ್ಪಾಯಿತು. ನಮ್ಮ ಬ್ಲಾಕಿನ ಮಕ್ಕಳು ರಾಯರಿಗೆ ಡೆಸಿಬೆಲ್ ರಾಯರು ಎಂದು ಹೆಸರಿಟ್ಟಿದ್ದಾರೆ. ಅವರಿಗೂ ಅದು ಗೊತ್ತು, ಬೇಜಾರಿಲ್ಲ. ‘ಡೆಸಿಬೆಲ್ ಅಂದ್ರೆ ಹುಡುಗಾಟ ಅಲ್ಲ ಕಣ್ರೋ. ಹತ್ತು ಏರಿದ್ರೆ ಶಕ್ತಿ ಹತ್ತು ಪಟ್ಟು, ಕಿವಿಗೆ ಮಾತ್ರ ಸುಮಾರು ಎರಡು ಪಟ್ಟು’ ಎಂದು ಲಿಫ್ಟಿನಲ್ಲೇ ಪಾಠ ಶುರುಮಾಡುತ್ತಾರೆ. ಪಾಠ ಮುಗಿಯುವಷ್ಟರಲ್ಲಿ ಲಿಫ್ಟು ನಮ್ಮ ಫ್ಲೋರ್ ದಾಟಿ ಟೆರೇಸಿಗೆ ಹೋಗಿರುತ್ತದೆ.

ಕೊಳ್ಳುವ ಮುಂಚಿನ ಕಾಲವೇ ರಾಯರಿಗೆ ಸುಗ್ಗಿ. ಎಸ್.ಪಿ. ರಸ್ತೆಯಿಂದ ಹಿಡಿದು ಮಾಲ್‌ಗಳ ಎ.ಸಿ. ಡೆಮೊ ಕೋಣೆಗಳವರೆಗೆ ಅವರು ಮೆಟ್ಟಿಲು ಹತ್ತದ ಅಂಗಡಿಯಿಲ್ಲ. ಸೇಲ್ಸ್ ಹುಡುಗ ಕಿಟಕಿ ಗಾಜು ನಡುಗುವಂಥ ಸಿನಿಮಾ ಹಾಡು ಹಾಕಿ ‘ಬೇಸ್ ನೋಡಿ ಅಂಕಲ್’ ಅಂದರೆ ಇವರು ಕೈಯೆತ್ತಿ ನಿಲ್ಲಿಸುತ್ತಾರೆ. ‘ಮೊದ್ಲು ಎರಡೂ ಸ್ಪೀಕರಿನ ಸದ್ದು ಒಂದೇ ಮಟ್ಟಕ್ಕೆ ತಾ. ಜೋರಾಗಿರೋದೇ ಕಿವಿಗೆ ಚೆಂದ ಅನ್ಸುತ್ತೆ. ದುಬಾರಿ ಮಾಲನ್ನ ಒಂಚೂರು ಜೋರು ಮಾಡಿ ಮಾರೋ ಕಸುಬು ನನಗೆ ಗೊತ್ತಿಲ್ವೇ?’ ಈ ಮಾತು ಮಾತ್ರ ನಿಜ; ಸ್ಪೀಕರ್ ಕೊಳ್ಳುವವರು ಗಂಟು ಹಾಕಿಕೊಳ್ಳಬೇಕಾದದ್ದು. ಸರಿ, ಯಾವ ಹಾಡು ಹಾಕಲಿ? ‘ಹಾಡು ಬೇಡ. ಬರೀ ತಂಬೂರಿ ಹಾಕು.’ ತಂಬೂರಿ ಮೀಟುತ್ತಲೇ ಇರುತ್ತದೆ. ಹಾಡು ಈಗ ಶುರುವಾದೀತು, ಆಗ ಶುರುವಾದೀತು ಎಂದು ಹುಡುಗ, ಮ್ಯಾನೇಜರು, ವಾಷಿಂಗ್ ಮೆಷಿನ್ ನೋಡಲು ಬಂದ ದಂಪತಿ ಎಲ್ಲರೂ ನಿಂತು ಕಾಯುತ್ತಾರೆ.

ಬ್ಲೂಟೂತ್ ಎಂದರೆ ರಾಯರಿಗೆ ಮಡಿಗೆಟ್ಟಷ್ಟು ಸಂಕಟ. ಸಿ.ಡಿ.ಯಲ್ಲಿ ಸೆಕೆಂಡಿಗೆ 1411 ಕಿಲೋಬಿಟ್ ಹರಿಯುತ್ತದಂತೆ, ಬ್ಲೂಟೂತ್‌ನಲ್ಲಿ ಎಲ್‌ಡಿಎಸಿ ಎಂಬುದು ತಿಪ್ಪರಲಾಗ ಹಾಕಿದರೂ 990 ದಾಟದಂತೆ. ಮೇಲಾಗಿ ಆಲಾಪದ ನಡುವೆ ಮಂದ್ರದಲ್ಲಿ ಸ್ವರ ನಿಂತಾಗಲೇ ವಾಟ್ಸ್ಆ್ಯಪ್ ‘ಟಿಣ್’ ಅನ್ನುತ್ತದೆ. ವೈಫೈ ಆದರೆ ಸ್ಪೀಕರ್ ತಾನೇ ಇಂಟರ್‌ನೆಟ್ಟಿನಿಂದ ಹಾಡು ಎಳೆದುಕೊಳ್ಳುತ್ತದೆ, ಫೋನಿಗೆ ಬರೀ ರಿಮೋಟಿನ ಕೆಲಸ. ಅಂತೂ ಪುಟ್ಟ ಕಾರಿನ ಡೌನ್ ಪೇಮೆಂಟಿನಷ್ಟು ಕೊಟ್ಟು ವೈಫೈ ಜೋಡಿಯೊಂದನ್ನು ತಂದರು. ಪೆಟ್ಟಿಗೆ ಬಿಚ್ಚಿದಾಗ ಎರಡು ಸ್ಪೀಕರಿಗೆ ಎರಡು ಕರೆಂಟ್ ವೈರು, ಸಬ್‌ವೂಫರಿಗೆ ಇನ್ನೊಂದು, ಜತೆಗೆ ರೂಟರಿನದು. ‘ಮಿಕ್ಸಿ ಎಲ್ಲಿ ಹಾಕ್ಲಿ?’ ಎಂದರು ಅವರ ಶ್ರೀಮತಿ.

ಸ್ಪೀಕರ್ ಬಂತು, ಹಾಲ್ ಕೈಕೊಟ್ಟಿತು. ವಿಟ್ರಿಫೈಡ್ ಟೈಲ್ಸ್, ಗಾಜಿನ ಬಾಲ್ಕನಿ ಬಾಗಿಲು, ಬೋಳು ಗೋಡೆ: ಒಂದಕ್ಕೂ ಸದ್ದನ್ನು ಹೀರುವ ಗುಣವಿಲ್ಲ. ಕಾರ್ಪೆಟ್ ಬಂತು, ದಪ್ಪನೆಯ ಪರದೆ ಬಂತು. ಆಮೇಲೆ ಯಾರೋ ಪುಸ್ತಕದ ಕಪಾಟು ಸದ್ದನ್ನು ಚೆನ್ನಾಗಿ ಚದುರಿಸುತ್ತದೆ ಅಂದರು. ಬ್ಯಾಂಕಿನ ಪಾಸ್‌ಬುಕ್ ಬಿಟ್ಟರೆ ಬೇರೇನೂ ಓದದ ರಾಯರು ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಟೇಪು ಹಿಡಿದು ನಿಂತರು. ಹೆಸರು ಯಾವುದಾದರೂ ಆಗಬಹುದು, ಎತ್ತರ ಮಾತ್ರ ಒಂದೇ ಇರಬಾರದು. ಒಂದು ಮಹಾಕಾವ್ಯ, ಪಕ್ಕದಲ್ಲಿ ಆದಾಯ ತೆರಿಗೆಯ ಕೈಪಿಡಿ, ಅದರ ಪಕ್ಕ ಪಾಕಶಾಸ್ತ್ರ. ಮನೆಗೆ ಬಂದ ಸಾಹಿತಿಯೊಬ್ಬರು ಕಪಾಟು ನೋಡಿ ಪುಳಕಗೊಂಡು ಒಂದು ಕಾದಂಬರಿಯನ್ನು ಕೈಗೆತ್ತಿಕೊಂಡರು. ‘ದಯವಿಟ್ಟು ಮುಟ್ಬೇಡಿ, ಮಿಡ್‌ರೇಂಜ್ ಹಾಳಾಗುತ್ತೆ’ ಎಂದರು ರಾಯರು.

ಎರಡು ಸ್ಪೀಕರು, ಒಂದು ಕುರ್ಚಿ ಸೇರಿ ಸಮಬಾಹು ತ್ರಿಕೋನ ಆಗಬೇಕು; ಸಂಗೀತ ಸರಿಯಾಗಿ ಕೂಡಿಕೊಳ್ಳುವುದು ಆ ಮೂರನೆಯ ಮೂಲೆಯಲ್ಲಿ ಮಾತ್ರ. ಹಾಗಾಗಿ ಆ ಹಾಲಿನಲ್ಲಿ ಈಗ ಸಂಗೀತ ಕೇಳಲು ಒಂದೇ ಕುರ್ಚಿ. ಕಳೆದ ಭಾನುವಾರ ನಾವು ಐದಾರು ಮಂದಿ ಕ್ಷೌರದಂಗಡಿಯಲ್ಲಿ ಕಾಯುವವರ ಹಾಗೆ ಗೋಡೆಗೊರಗಿ ನಿಂತು ನಮ್ಮ ಸರದಿಗೆ ಕಾದೆವು. 40,000 ಹರ್ಟ್ಜ್‌ವರೆಗೂ ನುಡಿಯುತ್ತದೆ ಎಂದು ರಾಯರು ಪೀಠಿಕೆ ಹಾಕಿದರು. ಮನುಷ್ಯರ ಕಿವಿ ಎಳೆವಯಸ್ಸಿನಲ್ಲೂ 20,000ಕ್ಕೆ ಕೈಚೆಲ್ಲುತ್ತದೆ, ನಮ್ಮ ವಯಸ್ಸಿಗಂತೂ ಕೇಳುವುದೇ ಬೇಡ. ಮಿಕ್ಕದ್ದೆಲ್ಲ ಕೆಳಮನೆಯ ನಾಯಿಯ ಪಾಲು.

ಹಾಕಿದ್ದು ಮಲ್ಲಿಕಾರ್ಜುನ ಮನಸೂರರ ಹಳೆಯ ಕಛೇರಿಯೊಂದರ ಧ್ವನಿಮುದ್ರಣ. ಬುವಾ ಷಡ್ಜ ಹಿಡಿದು ಮೇಲೇರುತ್ತಿದ್ದಂತೆ ರಾಯರು ತಟಕ್ಕನೆ ನಿಲ್ಲಿಸಿದರು. ‘ಕೇಳಿಸ್ತಾ? ಕೆಮ್ಮು! ಎಡಗಡೆ, ಮೂರನೇ ಸಾಲು.’ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು. ಹೌದು, ಖೊಕ್ ಎಂದು ಒಂದು ಕೆಮ್ಮು. ಮತ್ತೆ ಹಾಕಿದರು. ಬುವಾ ಪಾಪ, ಅದೇ ಸ್ವರಕ್ಕೆ ಬಂದು ಬಂದು ನಿಲ್ಲಬೇಕಾಯಿತು. ಒಣಕೆಮ್ಮೋ ಕಫದ್ದೋ ಎಂಬ ಬಗ್ಗೆ ನಮ್ಮಲ್ಲಿ ಎರಡು ಬಣವಾಯಿತು. ಕೊನೆಗೆ ಮೂರನೇ ಫ್ಲೋರಿನ ರಿಟೈರ್ಡ್ ಡಾಕ್ಟರನ್ನು ಕುರ್ಚಿಯಲ್ಲಿ ಕೂರಿಸಿದೆವು. ಅವರು ಕಣ್ಣು ಮುಚ್ಚಿ, ತಲೆ ವಾಲಿಸಿ, ಇನ್ನೊಂದು ಸಲ ಹಾಕಿ ಅಂದರು, ಮತ್ತೊಂದು ಸಲ ಹಾಕಿ ಅಂದರು.

‘ಧೂಳಿನ ಅಲರ್ಜಿ. ಜಮಖಾನೆ ಒದರದೆ ಹಾಸಿರ್ಬೇಕು. ರಾತ್ರಿ ಬಿಸಿನೀರಿಗೆ ಚಿಟಿಕೆ ಅರಿಶಿನ ಹಾಕ್ಕೊಂಡು ಕುಡೀಬೇಕಿತ್ತು.’

ರಾಯರು ನಮ್ಮತ್ತ ತಿರುಗಿ, ‘ನೋಡಿದ್ರಾ ಕ್ಲ್ಯಾರಿಟಿ?’ ಎಂದರು.