ಸೀಮೆ ಚಟ್ನಿ

ಆಯಾ ಕಾಲಕ್ಕೆ ನಮ್ಮ ನೆಲದಲ್ಲಿ ಬೆಳೆದದ್ದನ್ನೇ ತಿನ್ನಬೇಕೆಂಬ ವ್ರತ ಹಿಡಿದು ಹನ್ನೊಂದು ದಿನವಾಗಿತ್ತು. ಹನ್ನೆರಡನೆಯ ದಿನ ಮಗಳು ಪೆಸ್ಟೊ ಪಾಸ್ತಾ ಬೇಕೆಂದಳು. ಅಂಗಡಿಯಲ್ಲಿ ಅಂಗೈಯಷ್ಟಿದ್ದ ಸೀಸೆಯ ಬೆಲೆ ನೋಡಿದೆ. ವ್ರತ ಇನ್ನಷ್ಟು ಗಟ್ಟಿಯಾಯಿತು. ಮನೆಯಲ್ಲೇ ಮಾಡುತ್ತೇನೆ ಎಂದೆ.

ಇಟಲಿಯ ಜಿನೋವಾದವರು ಪೆಸ್ಟೊ ಮಾಡುವುದು ಬೇಸಿಲ್ ಸೊಪ್ಪು, ಪೈನ್ ಬೀಜ, ಬೆಳ್ಳುಳ್ಳಿ, ಚೀಸ್, ಆಲಿವ್ ಎಣ್ಣೆಯಿಂದ. ಅವರದೂ ಕಲ್ಲೊರಳೇ. ಕುಟ್ಟುವುದು ಎಂಬ ಮಾತಿನಿಂದಲೇ ಪೆಸ್ಟೊ ಎಂಬ ಹೆಸರು ಬಂದದ್ದು. ಅಂದಮೇಲೆ ನಮ್ಮವರೇ. ಬೇಸಿಲ್ ಎಂದರೆ ಕಾಮಕಸ್ತೂರಿ ಎಂದು ತಿಳಿದ ಮೇಲಂತೂ ನನಗೆ ಎರಡು ಕೋಡು ಮೂಡಿದವು. ಹಿತ್ತಿಲ ಕುಂಡದಲ್ಲೇ ಇದೆಯಲ್ಲ! ಬಸವನಗುಡಿಯ ಪರಿಷೆಯಿಂದ ತಂದ ಕಡಲೆಕಾಯಿ ಅರ್ಧ ಚೀಲ ಉಳಿದಿತ್ತು, ಪೈನ್ ಬೀಜದ ಜಾಗಕ್ಕೆ ಅದು. ಎಣ್ಣೆಯೂ ಅದರದ್ದೇ. ಚೀಸ್ ಬದಲು ಒಣಕೊಬ್ಬರಿ, ಪಾಸ್ತಾ ಬದಲು ಒತ್ತುಶಾವಿಗೆ.

“ಇದರಲ್ಲಿ ಇಟಲಿ ಎಲ್ಲಿ ಉಳೀತು?” ಹೆಂಡತಿ ಕೇಳಿದಳು.

“ಬೆಳ್ಳುಳ್ಳೀಲಿ.”

ಅಮ್ಮ ಒರಳೊಳಗೆ ಇಣುಕಿದಳು. “ದೇವರ ಹೂವಿನ ಜೊತೆ ಕಟ್ಟೋ ಕಾಮಕಸ್ತೂರೀನ ಕುಟ್ಟಿ ಹಾಕ್ತಿದ್ದೀಯಲ್ಲೋ!”

ನಾನು ಊರ ಬೆಳೆಯ ಮಹಿಮೆ ಶುರುಮಾಡಿದೆ. ಒಲೆಯ ಮೇಲೆ ಕುದಿಯುತ್ತಿದ್ದ ಅವಳ ಸೀಮೆಬದನೆ, ಆಲೂಗಡ್ಡೆ ಹುಳಿಯನ್ನೇ ತೋರಿಸಿ, ಆದರ್ಶವೆಂದರೆ ಇದು ಎಂದೆ. ಮಗಳು ಫೋನು ತೆಗೆದಳು. ಸೀಮೆಬದನೆ ಮೆಕ್ಸಿಕೋ ಕಡೆಯದಂತೆ. ಆಲೂಗಡ್ಡೆ ಆಂಡೀಸ್ ಬೆಟ್ಟಗಳದ್ದು. ಟೊಮೇಟೊ ಕೂಡ ಅಮೆರಿಕ ಖಂಡದ್ದೇ. ಹುಳಿಪುಡಿಯೊಳಗಿನ ಬ್ಯಾಡಗಿ ಮೆಣಸಿನಕಾಯಿಯ ಹಿರೀಕರೂ ಪೋರ್ಚುಗೀಸರ ಹಡಗಿನಲ್ಲಿ ಬಂದಿಳಿದವರು. ಬಂದವರು ಸುಮ್ಮನಿರದೆ, ನಮ್ಮ ಮೆಣಸಿನ ಹೆಸರಿಗೇ ಒಂದು ಕಾಯಿ ಅಂಟಿಸಿಕೊಂಡು ಮನೆತನ ಹೂಡಿಬಿಟ್ಟರು.

“ಅಪ್ಪಾ, ಕಡಲೆಕಾಯಿ ದಕ್ಷಿಣ ಅಮೆರಿಕದ್ದು.”

ರೈತರ ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೆಂದನೆಂದು ಕಥೆಯಿರುವ ಆ ದೊಡ್ಡ ಬಸವನಿಗೆ ಇದನ್ನು ಹೇಳುವವರಾರು? ಇಟಲಿಯದೆಂದು ನಾನು ಕೊಯ್ದ ಕಾಮಕಸ್ತೂರಿ ಮಾತ್ರ ಈ ಕಡೆಯ ಬಿಸಿಲುನಾಡಿನ ಗಿಡವಂತೆ.

ಸೀಮೆಬದನೆಯದಾದರೂ ಹೆಸರಲ್ಲೇ ಗುಟ್ಟಿತ್ತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹುಣಸೆ, ಹೀಗೆ ಹೊರಗಿನಿಂದ ಬಂದದ್ದಕ್ಕೆ ಹಿರಿಯರು ಒಂದು ಚೀಟಿ ಅಂಟಿಸಿಯೇ ಒಳಗೆ ಬಿಟ್ಟುಕೊಂಡಿದ್ದರು. ಹುಳಿಯಲ್ಲಿ ಕುದ್ದು ಕುದ್ದು ಚೀಟಿ ಕರಗಿಹೋಗಿದೆ, ಅಷ್ಟೆ.

“ಹೊರಗಿನದು ಒಂದೂ ಬೇಡ ಅಂದ್ರೆ ಇನ್ನೇನು ತಿನ್ನೋದು?” ಎಂದೆ.

“ತಿಥಿ ಊಟ,” ಎಂದಳು ಅಮ್ಮ.

ಹೌದಲ್ಲ! ಅಂದು ಟೊಮೇಟೊ ಇಲ್ಲ, ಆಲೂಗಡ್ಡೆ ಇಲ್ಲ, ಕೋಸು ಇಲ್ಲ. ಖಾರಕ್ಕೆ ಕಾಳುಮೆಣಸು. ಬಾಳೆಕಾಯಿ, ಹಾಗಲಕಾಯಿ, ಎಳ್ಳು. ನಮ್ಮ ವಂಶದಲ್ಲಿ ನನ್ನ ವ್ರತವನ್ನು ಕೆಡದಂತೆ ನಡೆಸಿಕೊಂಡು ಬಂದವರು ಸತ್ತವರು ಮಾತ್ರ.

“ಪುಷ್ಯದಲ್ಲಿ ನಿಮ್ಮ ತಾತನ ತಿಥಿ ಬರುತ್ತೆ. ಅವತ್ತು ಆಚರಿಸು ನಿನ್ನ ವ್ರತಾನ.”

“ಅವತ್ತು ಪೆಸ್ಟೊ ಮಾಡಬಹುದಾ ಅಜ್ಜಿ?”

ಅಮ್ಮ ಒರಳಿಗೆ ಬೆರಳದ್ದಿ ನೆಕ್ಕಿದಳು. ಇನ್ನೊಮ್ಮೆ ಅದ್ದಿದಳು.

“ಬೆಳ್ಳುಳ್ಳಿ ಬಿದ್ದಿದೆಯಲ್ಲೇ, ತಿಥಿಗೆ ಆಗಲ್ಲ,” ಎಂದು ಶಾವಿಗೆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.